ಮಳೆಗಾಲದ ಬಾಗಿಲು

ಆಷಾಢದ ಮಳೆ ಹಿಡಿದು ಎಂಟು ಹತ್ತು ದಿನಗಳಾದವೆಂದರೆ ನಮ್ಮ ಕರಾವಳಿಯ ಮನೆಮನೆಗಳಲ್ಲಿ ಒಂದು ಬಗೆಯ ಅಸಹಕಾರ ಚಳವಳಿ ಮೊದಲಾಗುತ್ತದೆ. ವೈಶಾಖದಲ್ಲಿ ಕಿರುಬೆರಳಿನಿಂದ ದೂಡಿದರೆ ಸರಿದು ನಿಲ್ಲುತ್ತಿದ್ದ ಬಾಗಿಲು ಈಗ ಹೆಗಲು ಕೊಟ್ಟರೂ ಚೌಕಟ್ಟಿಗೆ ಕೂಡುವುದಿಲ್ಲ. ಕಿಟಕಿ ಮುಚ್ಚಿದರೆ ತೆರೆಯದು, ತೆರೆದರೆ ಮುಚ್ಚದು. ಮೇಜಿನ ಸೆಳೆಖಾನೆಯಲ್ಲಿಟ್ಟ ಕಾಗದಪತ್ರಗಳು ನಾಲ್ಕು ತಿಂಗಳು ಅಜ್ಞಾತವಾಸಕ್ಕೆ ಸಲ್ಲುತ್ತವೆ. ಮನೆಯ ಯಜಮಾನರು ತಾಳ್ಮೆಗೆಟ್ಟು ಆಚಾರಿಗೆ ಹೇಳಿಕಳಿಸುತ್ತಾರೆ. 'ಇನ್ನಷ್ಟು ದಿನ ತಡೆಯಬಹುದಲ್ಲ' ಎಂದು ಆತ ಹೇಳಿನೋಡುತ್ತಾನೆ, ಯಜಮಾನರು ಕೇಳುವುದಿಲ್ಲ. ಅಂಚಿಗೆ ತೋಪಡ ಹೊಡೆದದ್ದಾಗುತ್ತದೆ, ಬಾಗಿಲು ಕೂಡುತ್ತದೆ, ಮನೆಯವರು ನೆಮ್ಮದಿಯಾಗುತ್ತಾರೆ. ಮಾಘ ಬಂದಾಗ ಅದೇ ಬಾಗಿಲಿಗೂ ಚೌಕಟ್ಟಿಗೂ ನಡುವೆ ಹಲ್ಲಿ ನುಸುಳುವಷ್ಟು ಸಂದು! 'ಈಗಿನ ಮರವೇ ಸರಿಯಿಲ್ಲ' ಎಂಬ ತೀರ್ಪು ಆಗ ಹೊರಬೀಳುತ್ತದೆ.

ಮರದ ಮೇಲಿನ ಈ ಆರೋಪವನ್ನು ಒಂದಿಷ್ಟು ವಿಚಾರಣೆಗೆ ಒಳಪಡಿಸಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕ. ಹೊನ್ನಾವರಕ್ಕೂ ಕುಮಟೆಗೂ ನಡುವಣ ಹಳದೀಪುರದಲ್ಲಿ ನನ್ನ ವಾಸ. ಮನೆಯ ಹಿಂದಣ ಹಳೆಯ ಕೊಟ್ಟಿಗೆಯ ಮಾಡಿನಡಿಯಲ್ಲಿ ಒಂದು ಕೆಲಸದ ಮಣೆ, ಹತ್ತು ಹನ್ನೆರಡು ಆಯುಧಗಳು, ಗೋಡೆಗೆ ಒರಗಿಸಿದ ಕೆಲವು ಹಲಗೆಗಳು—ಇಷ್ಟು ನನ್ನ ರವಿವಾರದ ಸಂಪತ್ತು. ನೆರೆಯ ಹಿರಿಯ ಆಚಾರಿಯೊಬ್ಬರ ಪಕ್ಕದಲ್ಲಿ ಕುಳಿತು ಕಲಿತ ವಿದ್ಯೆ ಅದು. ಪುಸ್ತಕಗಳಲ್ಲಿ ಓದಿದ್ದನ್ನು ಅವರ ಮಾತಿನೊಡನೆ ಹೋಲಿಸಿ ನೋಡಿದಾಗಲೆಲ್ಲ ನನಗೆ ಒಂದೇ ಸಂಗತಿ ಮನವರಿಕೆಯಾಗಿದೆ: ನಮ್ಮ ನೆಲದ ಮರಗೆಲಸದ ನೀತಿನಿಯಮಗಳೆಲ್ಲ ಮಳೆಗಾಲಕ್ಕೆ ಕೊಟ್ಟ ಉತ್ತರಗಳು. ಮರಕ್ಕೆ ಹಿಗ್ಗಲು ಕುಗ್ಗಲು ಎಡೆಗೊಡುವವನೇ ಬಲ್ಲ ಬಡಗಿ.

ಮರವೆಂಬುದು ಸೂಕ್ಷ್ಮವಾದ ಅಸಂಖ್ಯ ನಳಿಗೆಗಳ ಒಂದು ಕಟ್ಟು. ಹಸಿಮರದಲ್ಲಿ ನಳಿಗೆಗಳ ಹೊಟ್ಟೆಯೊಳಗೂ ನೀರಿರುತ್ತದೆ, ಅವುಗಳ ಗೋಡೆಗಳಲ್ಲಿಯೂ ನೀರಿರುತ್ತದೆ. ಹೊಟ್ಟೆಯ ನೀರು ಆರುವಾಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಒಣಮರದ ತೂಕಕ್ಕೆ ಹೋಲಿಸಿದಾಗ ತೇವಾಂಶ ಸುಮಾರು ಶೇಕಡ ೩೦ಕ್ಕಿಂತ ಕೆಳಗಿಳಿದು ಗೋಡೆಗಳ ನೀರು ಆರತೊಡಗಿದಾಗ ಕುಗ್ಗುವಿಕೆ ಮೊದಲಾಗುತ್ತದೆ. ಒಣಗಿದ ಮೇಲಾದರೂ ಮರ ಸುಮ್ಮನಿರುವುದೇ? ಇಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರಿಕೊಳ್ಳುತ್ತದೆ, ಕಡಮೆಯಾದರೆ ಬಿಟ್ಟುಕೊಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಮಳೆ ಸುರಿಯುವ ನಮ್ಮ ಹೊನ್ನಾವರದ ಸೀಮೆಯಲ್ಲಿ ಈ ಉಸಿರಾಟ ಎಷ್ಟು ದೀರ್ಘವಾದದ್ದೆಂಬುದನ್ನು ಊಹಿಸಬಹುದು.

ಈ ಹಿಗ್ಗು ಕುಗ್ಗು ಎಲ್ಲ ದಿಕ್ಕಿಗೂ ಒಂದೇ ಸಮನಾಗಿರುವುದಿಲ್ಲವೆಂಬುದು ಮುಖ್ಯವಾದ ಮಾತು. ಉದ್ದಕ್ಕೆ ಅದು ಗಣನೆಗೆ ಬಾರದಷ್ಟು ಅಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ವರ್ಷದ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಅದರ ಸುಮಾರು ಇಮ್ಮಡಿ. ಹೆಚ್ಚು ಅಲುಗಾಡದ ಮರವೆಂದು ಹೆಸರಾದ ಸಾಗುವಾನಿಯೂ ಪೂರ್ಣ ಹಸಿಯಿಂದ ಪೂರ್ಣ ಒಣಗುವವರೆಗೆ ಸುತ್ತಿನ ದಿಕ್ಕಿನಲ್ಲಿ ಶೇಕಡ ಐದರ ಆಸುಪಾಸು ಕುಗ್ಗುತ್ತದೆ. ಬೇಸಗೆಯಲ್ಲಿ ಶೇಕಡ ೧೨ ತೇವವಿದ್ದ ಹಲಗೆ ಮಳೆಗಾಲದಲ್ಲಿ ೧೮ಕ್ಕೆ ಏರಿತೆನ್ನೋಣ. ಲೆಕ್ಕ ಹಾಕಿದರೆ ಒಂದು ಅಡಿ ಅಗಲದ ಹಲಗೆ ಸುಮಾರು ಮೂರು ಮಿಲಿಮೀಟರು ಹಿಗ್ಗುತ್ತದೆ. ಮೂರಡಿ ಅಗಲದ ಬಾಗಿಲನ್ನು ಬರಿಯ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದರೆ ಅದು ಒಂಬತ್ತು ಮಿಲಿಮೀಟರಾಯಿತು. ಬಾಗಿಲು ಹಟ ಹಿಡಿಯದೆ ಇನ್ನೇನು ಮಾಡೀತು?

ಆದ್ದರಿಂದ ಮರವನ್ನು ಕೊಳ್ಳುವಾಗ ಹಲಗೆಯ ಮೈಯನ್ನಷ್ಟೇ ನೋಡದೆ ತಲೆಯ ಕಡೆಯನ್ನೂ ನೋಡಬೇಕು. ತಲೆಯಲ್ಲಿ ಬಳೆಗಳ ಗೆರೆಗಳು ನೆಟ್ಟಗೆ ನಿಂತಂತಿದ್ದರೆ ಆ ಹಲಗೆ ಕಡಮೆ ಅಲುಗುತ್ತದೆ. ಕಮಾನಿನಂತೆ ಬಾಗಿ ಮಲಗಿದ್ದರೆ ಹೆಚ್ಚು ಅಲುಗುವುದಲ್ಲದೆ ಒಣಗುವಾಗ ದೊನ್ನೆಯಂತೆ ಬಾಗಲೂ ನೋಡುತ್ತದೆ. ತಿರುಳೇ ನಡುವೆ ಸಿಕ್ಕಿಕೊಂಡಿರುವ ತುಂಡು ಸೀಳದೆ ಬಿಡುವುದಿಲ್ಲ. ಮರದ ನಡುವಣ ಗಟ್ಟಿಭಾಗಕ್ಕೆ ಚೇಗು ಎಂದು ಹೆಸರು. ಗೆದ್ದಲನ್ನೂ ತೇವವನ್ನೂ ತಡೆಯುವ ಶಕ್ತಿಯಿರುವುದು ಚೇಗಿಗೆ. ಹೊರಗಿನ ಬೆಳ್ಳನೆಯ ಎಳೆಯ ಭಾಗ ಸಾಗುವಾನಿಯದಾದರೂ ಹುಳುವಿಗೆ ಔತಣವೇ. 'ಸಾಗುವಾನಿ' ಎಂಬ ಹೆಸರಿಗೆ ಹಣ ಕೊಟ್ಟು ಬಿಳಿಭಾಗವನ್ನು ಮನೆಗೆ ಹೊತ್ತು ತರುವವರು ಅನೇಕರು.

ಊರಿನ ಮರಗಳ ಗುಣಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: ಸಾಗುವಾನಿ ಕಡಮೆ ಅಲುಗುತ್ತದೆ, ಬಹುಕಾಲ ಬಾಳುತ್ತದೆ, ಅದರೊಳಗಿನ ಮರಳಿನಂಥ ಅಂಶ ಮಾತ್ರ ಆಯುಧದ ಮೊನೆಯನ್ನು ಬೇಗ ಸವೆಸುತ್ತದೆ. ಹಲಸು ಕೊಯ್ದಾಗ ಹಳದಿ, ಬೆಳಕು ಕಂಡಂತೆ ಕಂದು; ಉಳಿಗೆ ಒಲಿಯುವ ಮರ. ಮನೆಯ ಪೀಠೋಪಕರಣಗಳಿಂದ ಹಿಡಿದು ವೀಣೆಯವರೆಗೆ ಅದು ಸಲ್ಲುತ್ತದೆ. ಹೆಬ್ಬಲಸು ತೊಲೆಗೂ ದೋಣಿಗೂ ಹೆಸರಾದುದು. ಮತ್ತಿ ಭಾರವಾದ ಬಲಿಷ್ಠ ಮರ, ಒಣಗುವಾಗ ಅವಸರಪಡಿಸಿದರೆ ಸೀಳುತ್ತದೆ. ಹೊನ್ನೆ ಗಟ್ಟಿಯಾದದ್ದೇ, ಆದರೆ ನೀರು ತಗಲಿದರೆ ಹಳದಿ ಬಣ್ಣ ಬಿಟ್ಟು ಸುಣ್ಣದ ಗೋಡೆಯ ಮೇಲೆ ಕಲೆಯಿಳಿಸುತ್ತದೆ. ಮಾವು ಅಗ್ಗ, ಕೆಲಸಕ್ಕೆ ಮೃದು. ಹುಳುವಿಗೂ ಶಿಲೀಂಧ್ರಕ್ಕೂ ಬೇಗ ತುತ್ತಾಗುವುದರಿಂದ ಬಾಗಿಲ ಚೌಕಟ್ಟಿಗೆ ಹೇಳಿಸಿದ್ದಲ್ಲ. ಶಿವನಿ ಹಗುರ, ಬಹಳ ಸ್ಥಿರ; ಶಿರಸಿ, ಸಾಗರ, ಸೊರಬ, ಕುಮಟೆಗಳ ಕಡೆಯ ಗುಡಿಗಾರರು ಗಂಧದ ಜೊತೆಗೆ ಈ ಮರವನ್ನೂ ಕೆತ್ತನೆಗೆ ಆರಿಸಿಕೊಂಡದ್ದು ಸುಮ್ಮನಲ್ಲ. ಬಡಗುತಿಟ್ಟಿನ ಯಕ್ಷಗಾನದ ಭುಜಕೀರ್ತಿ ಎದೆಪದಕಗಳಿಗೂ ಹಗುರ ಮರವೇ ಬೇಕು. ರಾತ್ರಿಯಿಡೀ ಕುಣಿಯುವವನ ಮೈಮೇಲೆ ಮತ್ತಿಯ ತೊಲೆಯನ್ನು ಹೊರಿಸಲಾದೀತೇ? ಇತ್ತೀಚಿನ ದಶಕಗಳಲ್ಲಿ ನಮ್ಮ ಗುಡ್ಡಗಳನ್ನೆಲ್ಲ ತುಂಬಿರುವ ಅಕೇಶಿಯವನ್ನು ಬಹುಮಂದಿ ಸೌದೆಯೆಂದೇ ತಿಳಿದಿದ್ದಾರೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಮೇಜು ಕುರ್ಚಿಗಳಿಗೆ ಅದು ಯೋಗ್ಯವಾದ ಮರ.

ತಮ್ಮ ಹಿತ್ತಲಿನ ಮರವಾದರೂ ಕಡಿಯುವ ಮುನ್ನ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಕೆಲವು ಜಾತಿಗಳನ್ನು ಬಿಟ್ಟು ಉಳಿದವುಗಳಿಗೆ ಅನುಮತಿ ಅವಶ್ಯ. ಸಾಗುವಾನಿ, ಬೀಟೆ, ಗಂಧಗಳ ವಿಷಯದಲ್ಲಿ ನಿಯಮಗಳು ಇನ್ನೂ ಬಿಗಿ. ಹೊಸ ಮರಕ್ಕಿಂತ ಒಳ್ಳೆಯದೊಂದು ಉಪಾಯವೂ ಉಂಟು. ಹೆದ್ದಾರಿಗಾಗಿಯೋ ಹೊಸ ಮನೆಗಾಗಿಯೋ ಕೆಡವಿದ ಹಳೆಯ ಮನೆಗಳ ತೊಲೆ, ಚೌಕಟ್ಟು, ಕಿಟಕಿಗಳು ಸೌದೆಯ ಬೆಲೆಗೆ ಹೋಗುವುದನ್ನು ನೋಡುತ್ತಿದ್ದೇವೆ. ಹತ್ತಾರು ಮಳೆಗಾಲಗಳನ್ನು ಕಂಡು ಹದವಾದ ಮರ ಅದು. ಯಾವ ಅಂಗಡಿಯಲ್ಲೂ ದೊರೆಯಲಾರದು. ಕೊಯ್ಯುವ ಮುನ್ನ ಅಯಸ್ಕಾಂತವನ್ನು ಮೈಮೇಲೆ ಆಡಿಸಿ ಅಡಗಿರುವ ಮೊಳೆಗಳನ್ನು ಕೀಳಬೇಕು. ಇಲ್ಲವಾದರೆ ಗರಗಸದ ಹಲ್ಲು ಹೋಗುತ್ತದೆ.

ಹಸಿ ಹಲಗೆಯನ್ನು ಒಣಗಿಸುವುದಕ್ಕೆ ಬೇಕಾದುದು ತಾಳ್ಮೆ, ನೆರಳು, ಗಾಳಿ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ, ಒಳಗಿನ ಹಸಿಭಾಗದ ಮೇಲೆ ಬಿಗಿದು ತಾನೇ ಸೀಳುತ್ತದೆ. ನೆಲದಿಂದ ಒಂದಡಿ ಎತ್ತರದಲ್ಲಿ ಸಮಮಟ್ಟದ ದಿಮ್ಮಿಗಳನ್ನಿಟ್ಟು, ಹಲಗೆ ಹಲಗೆಗಳ ನಡುವೆ ಒಂದೇ ದಪ್ಪದ ರಿಪ್ಪುಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಅಡ್ಡಲಾಗಿಟ್ಟು, ಮೇಲೆ ಭಾರ ಹೇರಬೇಕು. ಹಲಗೆಯ ಎರಡೂ ತಲೆಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ನೀರು ಮೈಯಿಂದ ಹೋಗುವುದಕ್ಕಿಂತ ತಲೆಯಿಂದ ಬಹು ವೇಗವಾಗಿ ಹೋಗುವುದರಿಂದ ಅಲ್ಲಿಯೇ ಸೀಳು ಮೊದಲಾಗುತ್ತದೆ. ಒಂದಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಮಳೆ ಕಳೆದ ಮೇಲೆ, ಮಾಗಿಯ ಹೊತ್ತಿಗೆ ಮರ ಕಡಿಯುವ ರೂಢಿಯ ಹಿಂದೆಯೂ ವಿವೇಕವಿದೆ. ಮುಂದಿನ ಮಳೆಯೊಳಗೆ ಅದಕ್ಕೆ ನಾಲ್ಕೈದು ಒಣ ತಿಂಗಳುಗಳು ಸಿಕ್ಕುತ್ತವೆ.

ಇನ್ನು ಆಯುಧಗಳ ವಿಚಾರ. ಅಂಗಡಿಯಲ್ಲಿ ಕಣ್ಣು ಕೋರೈಸುವ ಪೆಟ್ಟಿಗೆಗಳನ್ನು ಕಂಡು ಎಲ್ಲವನ್ನೂ ಕೊಳ್ಳುವ ಮೋಹಕ್ಕೆ ಹೊಸಬರು ಒಳಗಾಗಬಾರದು. ಎರಡು ಗರಗಸ, ಮೂರು ಉಳಿ, ಒಂದು ತೋಪಡ, ಕೊಡತಿ, ಮೂಲೆಮಟ್ಟ, ಗೆರೆಗೋಲು, ಬೈರಿಗೆ, ಒಂದು ಒಳ್ಳೆಯ ಸಾಣೆಕಲ್ಲು—ಇಷ್ಟಿದ್ದರೆ ಮನೆಗೆ ಬೇಕಾದ ಮುಕ್ಕಾಲು ಪಾಲು ಕೆಲಸ ಸಾಗುತ್ತದೆ. ಎರಡು ಗರಗಸವೇಕೆಂದರೆ, ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲುಗಳು ಸಾಲಾಗಿ ನಿಲ್ಲಿಸಿದ ಪುಟ್ಟ ಉಳಿಗಳಂತೆ. ಎಳೆಗೆ ಅಡ್ಡವಾಗಿ ಕೊಯ್ಯುವ ಗರಗಸದ ಹಲ್ಲುಗಳು ಪುಟ್ಟ ಚೂರಿಗಳಂತೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೇಳಿದರೆ ಮರವೂ ಹರಿಯುತ್ತದೆ, ತೋಳೂ ಸೋಲುತ್ತದೆ.

ಆಯುಧಗಳಲ್ಲೆಲ್ಲ ರಾಜಪೂಜ್ಯವಾದುದು ಸಾಣೆಕಲ್ಲು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಮೊಂಡು ಉಳಿಯವನು ಮರ ಒರಟೆನ್ನುತ್ತಾನೆ. ಉಳಿಯ ಚಪ್ಪಟೆ ಮೈಯನ್ನು ತುದಿಯಿಂದ ಒಂದಂಗುಲದವರೆಗೆ ಮುಖ ಕಾಣುವಂತೆ ಮಸೆಯುವುದು ಮೊದಲ ಕೆಲಸ. ಒಮ್ಮೆ ಮಾಡಿದರೆ ಜೀವಮಾನಕ್ಕೆ ಸಾಕು. ಇಳಿಜಾರು ಮೈಗೆ ೨೫ ಡಿಗ್ರಿ, ಅದರ ತುದಿಗೆ ಮಾತ್ರ ೩೦ ಡಿಗ್ರಿ ಸಾಮಾನ್ಯ ಕೆಲಸಕ್ಕೆ ಸರಿಯಾದ ಕೋನ. ಕೋನವನ್ನು ಅಳೆಯುವುದು ಹೇಗೆಂದು ಚಿಂತಿಸಬೇಕಿಲ್ಲ. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಅದು ೩೦. ಎರಡೂಕಾಲರಿಂದ ಎರಡೂವರೆಯಷ್ಟಿದ್ದರೆ ಸುಮಾರು ೨೫. ಮಸೆಯುತ್ತ ಹೋದಂತೆ ಹಿಂಬದಿಯಲ್ಲಿ ಕೂದಲೆಳೆಯಂಥ ನವಿರಾದ ಮುಳ್ಳು ಬೆರಳಿಗೆ ತಗಲುತ್ತದೆ. ಅದು ಅಂಚಿನ ಉದ್ದಕ್ಕೂ ತಗಲಿದರೆ ಮಸೆತ ಸಾಕಾಯಿತೆಂದು ಅರ್ಥ. ಆಮೇಲೆ ಚಪ್ಪಟೆ ಮೈಯನ್ನು ಕಲ್ಲಿಗೆ ತಾಗಿಸಿ ಆ ಮುಳ್ಳನ್ನು ತೆಗೆದು, ಚರ್ಮದ ಮೇಲೆ ನಾಲ್ಕು ಸಲ ಎಳೆಯಬೇಕು. ಯಂತ್ರದ ಸಾಣೆಗೆ ಕೊಟ್ಟರೆ ಮೇಲಿಂದ ಮೇಲೆ ನೀರಿನಲ್ಲಿ ಅದ್ದುತ್ತಿರಬೇಕು. ತುದಿ ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು. ನಮ್ಮ ಕಡಲಗಾಳಿಯ ಉಪ್ಪಿಗೆ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಲ್ಲುದು. ಕೆಲಸ ಮುಗಿದೊಡನೆ ಒಣಬಟ್ಟೆಯಿಂದ ಒರೆಸಿ, ಎಣ್ಣೆಯ ಪಸೆ ತಗುಲಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿಡುವುದನ್ನು ಸಂಧ್ಯಾವಂದನೆಯಂತೆ ನಡೆಸಬೇಕು.

ತೋಪಡ ಹೊಡೆಯುವ ಮುನ್ನ ಹಲಗೆಯ ಪಕ್ಕವನ್ನು ನೋಡಬೇಕು. ಎಳೆಗಳು ಯಾವ ಕಡೆಗೆ ಮೇಲೇರುತ್ತವೆಯೋ ಆ ಕಡೆಗೆ ತಳ್ಳಿದರೆ ರೇಷ್ಮೆಯಂಥ ಸುರುಳಿ ಏಳುತ್ತದೆ. ಎದುರಾಗಿ ತಳ್ಳಿದರೆ ಚಕ್ಕೆ ಕಿತ್ತು ಬರುತ್ತದೆ. ಬೆಕ್ಕಿನ ಬೆನ್ನು ಸವರಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿದ್ಯುತ್ತಿನ ಆಯುಧಗಳನ್ನು ಬಳಸುವವರು ಕಣ್ಣಿಗೆ ಕನ್ನಡಕವನ್ನೂ ಮೂಗಿಗೆ ಮುಸುಕನ್ನೂ ಮರೆಯಬಾರದು. ಮರದ ಧೂಳು ಮನುಷ್ಯನಿಗೆ ಅರ್ಬುದರೋಗ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೧೯೯೫ರಲ್ಲಿಯೇ ಸಾರಿದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಜೋಡಣೆ. ಕಲೆಯ ಹೃದಯವಿರುವುದು ಅಲ್ಲಿ. ನಮ್ಮ ಹಳೆಯ ಬಾಗಿಲುಗಳನ್ನು ಗಮನಿಸಿ ನೋಡಿ. ಸುತ್ತ ಕಿರಿದಾದ ಪಟ್ಟಿಗಳ ಚೌಕಟ್ಟು. ನಡುವೆ ತೋಡಿನೊಳಗೆ ಕೂತ ಹಲಗೆ. ಆ ಹಲಗೆಗೆ ಅಂಟಿಲ್ಲ, ಮೊಳೆಯಿಲ್ಲ. ತೋಡಿನೊಳಗೆ ಎರಡೂ ಪಕ್ಕಕ್ಕೆ ಎರಡು ಮೂರು ಮಿಲಿಮೀಟರು ಬಿಡುವಿದೆ. ಮಳೆಗಾಲದಲ್ಲಿ ಅದು ಹಿಗ್ಗಿ ತೋಡಿನೊಳಗೆ ಸರಿಯುತ್ತದೆ, ಬೇಸಗೆಯಲ್ಲಿ ಹಿಂದೆಗೆಯುತ್ತದೆ. ನೋಡುವವನಿಗೆ ಏನೂ ನಡೆದಂತೆ ಕಾಣುವುದಿಲ್ಲ. ಚೌಕಟ್ಟಿನ ಪಟ್ಟಿಗಳು ಕಿರಿದಾದುದರಿಂದ ಬಾಗಿಲಿನ ಒಟ್ಟು ಅಗಲ ಬಹಳ ಕಡಮೆ ಬದಲಾಗುತ್ತದೆ. ಪಟ್ಟಿಯ ತುದಿಯ ನಾಲಗೆ ಇನ್ನೊಂದು ಪಟ್ಟಿಯ ಗೂಡಿನಲ್ಲಿ ಕೂತು, ಅಡ್ಡಲಾಗಿ ಹೊಡೆದ ಮರದ ಕೀಲಿನಿಂದ ಭದ್ರವಾಗುತ್ತದೆ. ನಾಲಗೆ ಪಟ್ಟಿಯ ದಪ್ಪದ ಮೂರರಲ್ಲಿ ಒಂದು ಪಾಲಿದ್ದರೆ ಎರಡಕ್ಕೂ ಬಲ ಸಮನಾಗಿ ಹಂಚುತ್ತದೆ. ಅಂಟು ಒಳ್ಳೆಯದೇ. ಹಿಂದಿನವರು ಚರ್ಮ ಮೂಳೆಗಳಿಂದ ಕಾಯಿಸಿದ ಸರೇಸು ಬಳಸುತ್ತಿದ್ದರು, ಥಂಡಿಗೆ ಅದು ಸಡಿಲುತ್ತಿತ್ತು. ೧೯೫೯ರಲ್ಲಿ ಫೆವಿಕಾಲ್ ಬಂದ ಮೇಲೆ ಬಿಳಿಯ ಅಂಟು ಆ ಕಷ್ಟವನ್ನು ನೀಗಿತು. ಆದರೆ ಅಂಟು ಎಷ್ಟೇ ಗಟ್ಟಿಯಾಗಲಿ, ಅಗಲ ಹಲಗೆಯ ಉಸಿರು ಕಟ್ಟುವಂತೆ ಅದನ್ನು ಬಳಸಿದರೆ ಅಂಟು ಉಳಿದು ಮರ ಸೀಳುತ್ತದೆ. ಮೇಜಿನ ಮೇಲ್ಹಲಗೆಗೆ ತಿರುಪು ಹಾಕುವಾಗಲೂ ಕೆಳಪಟ್ಟಿಯ ತೂತನ್ನು ಅಗಲದ ದಿಕ್ಕಿಗೆ ತುಸು ಉದ್ದವಾಗಿ ಕೊರೆಯಬೇಕು. ಪ್ಲೈವುಡ್ಡಿನ ಗುಟ್ಟಾದರೂ ಇದೇ. ಒಂದರ ಮೇಲೊಂದು ಎಳೆ ಅಡ್ಡಡ್ಡವಾಗಿ ಅಂಟಿಸಿದ ತೆಳುಪದರಗಳು ಪರಸ್ಪರರ ಹಿಗ್ಗನ್ನು ತಡೆಯುತ್ತವೆ.

ಈ ವಿವೇಕ ನಮ್ಮೊಬ್ಬರದೇ ಸ್ವತ್ತಲ್ಲ. ಮಳೆಯೂ ಥಂಡಿಯೂ ಹೆಚ್ಚಿರುವ ಜಪಾನಿನಲ್ಲಿ ಹೋರ್ಯೂಜಿಯ ಮರದ ದೇಗುಲಗಳು ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ ನಿಂತಿರುವುದು ನಾಲಗೆ ಗೂಡುಗಳ ಬಲದಿಂದ. ಅಷ್ಟು ದೂರ ಹೋಗಲಾರದವರು ಭಟ್ಕಳಕ್ಕೆ ಹೋಗಿ ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವನ್ನು ನೋಡಬಹುದು. ಕಲ್ಲಿನದೇ ಇಳಿಜಾರು ಮಾಡು, ಕಲ್ಲಿನದೇ ಜಾಲಂಧ್ರ. ಆದರೆ ಆಕಾರವೆಲ್ಲ ಮರದ್ದು. ಮಳೆಯೊಡನೆ ಬಾಳುವ ಬಗೆಯನ್ನು ಬಡಗಿ ಮೊದಲು ಮರದಲ್ಲಿ ಕಂಡುಕೊಂಡ. ಕಲ್ಲುಕುಟಿಗ ಅದನ್ನು ಕಲ್ಲಿನಲ್ಲಿ ಬರೆದಿಟ್ಟ.

ಹೀಗೆ ಕಲ್ಲಿಗೂ ಪಾಠ ಹೇಳಿದ ವಿದ್ಯೆಯ ಇಂದಿನ ಸ್ಥಿತಿ ಏನು? ಕೆಲವು ವರ್ಷಗಳ ಹಿಂದೆ ಪದವಿ ತರಗತಿಗೆ ಸೇರಲು ಬಂದ ಹುಡುಗನೊಬ್ಬ ಅರ್ಜಿಯಲ್ಲಿ ತಂದೆಯ ಉದ್ಯೋಗದ ಎದುರು 'ಕೂಲಿ' ಎಂದು ಬರೆದಿದ್ದ. ಅವನ ತಂದೆಯ ಕೈಯ ಕೆಲಸವನ್ನು ನಾನು ಬಲ್ಲೆ. ನಾಲ್ಕು ಹಳ್ಳಿಗಳ ಬಾಗಿಲುಗಳಲ್ಲಿ ಅವರ ಸಹಿಯಿದೆ. ಏಕೆ ಹೀಗೆ ಬರೆದೆಯೆಂದು ಕೇಳಿದೆ. 'ಬಡಗಿ ಎಂದು ಬರೆಯಬಹುದೇ, ಸರ್?' ಎಂದು ಅವನು ನನ್ನನ್ನೇ ಕೇಳಿದ. ಅದೇ ವರ್ಷ ವಚನಗಳ ಪಾಠದಲ್ಲಿ ಬಾಚಿಕಾಯಕದ ಬಸವಯ್ಯನ ಹೆಸರು ಬಂತು. ಹನ್ನೆರಡನೆಯ ಶತಮಾನದ ಆ ಶರಣನ ಹೆಸರಿಗೆ ಅಂಟಿದ ಬಾಚಿ ಎಂದರೇನೆಂದು ಕೇಳಿದಾಗ ಇಡೀ ತರಗತಿ ಮೌನವಾಗಿತ್ತು. ಈ ಹುಡುಗ ಮಾತ್ರ ಎದ್ದುನಿಂತು, ಬಾಚಿಯ ಅಲಗು ಕಾವಿಗೆ ಅಡ್ಡಲಾಗಿರುತ್ತದೆಂದೂ, ಕಾಲುಗಳ ನಡುವೆ ಮರವನ್ನು ಹಿಡಿದು ತನ್ನೆಡೆಗೆ ಕೆತ್ತುತ್ತಾರೆಂದೂ ಕೈಯಿಂದ ಅಭಿನಯಿಸಿ ತೋರಿಸಿದ. ಟಿಪ್ಪಣಿ ಬರೆದುಕೊಳ್ಳುವ ಕೆಲಸ ಆ ಹೊತ್ತು ನನ್ನದಾಯಿತು.

ಕಿಟೆಲ್ಲರು ೧೮೯೪ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಬಾಚಿಯಿದೆ, ಉಳಿಯಿದೆ, ಕೊಡತಿಯಿದೆ. ನಿಘಂಟಿನಲ್ಲಿ ಮಾತು ಉಳಿಯಿತೆಂದರೆ ವಿದ್ಯೆ ಉಳಿಯಿತೆಂದಲ್ಲ. ಕೈಯಲ್ಲಿರುವ ವಿದ್ಯೆ ಇನ್ನೊಂದು ಕೈಗೆ ದಾಟಬೇಕು. ನಮ್ಮೂರಿನ ಸುತ್ತ ನಾಲಗೆ-ಗೂಡಿನ ಬಾಗಿಲನ್ನು ಕೈಯಿಂದಲೇ ಮಾಡಬಲ್ಲವರು ಬಹುಮಟ್ಟಿಗೆ ಅರವತ್ತು ದಾಟಿದವರು. ಅವರ ಮಕ್ಕಳು ಹಡಗಿನಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ. ಒಂದು ತಿಂಗಳು ದುಡಿದು ಮಾಡಿದ ಬಾಗಿಲಿಗೆ, ಅಂಗಡಿಯಿಂದ ಒಂದು ತಾಸಿನಲ್ಲಿ ತಂದ ಬಾಗಿಲಿನ ಬೆಲೆಯನ್ನು ಕಟ್ಟುವವರು ನಾವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಎಳೆಯರನ್ನು ಗದರುವ ಮುನ್ನ, ಬಗ್ಗಿ ಕಲಿತವನಿಗೆ ಊರು ಕೊಟ್ಟ ಮಾನವೆಷ್ಟೆಂಬುದನ್ನು ಹಿರಿಯರು ಯೋಚಿಸಬೇಕಾಗಿದೆ.

ವಾಚಕರು ಮಾಡಬಹುದಾದುದು ಬಹಳವಿಲ್ಲ, ಆದರೆ ಸ್ವಲ್ಪವಿದೆ. ಮಳೆಗಾಲದಲ್ಲಿ ಬಾಗಿಲು ಹಿಡಿದರೆ ಮೊದಲು ತಿರುಗಣಿಯ ತಿರುಪುಗಳು ಸಡಿಲವಾಗಿವೆಯೇ ನೋಡಿರಿ. ಅನೇಕ ಬಾಗಿಲುಗಳ ರೋಗ ಅಷ್ಟೇ. ಅದಲ್ಲವೆಂದಾದರೆ ಉಜ್ಜುವ ಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆರೆದು, ಎಲ್ಲಿ ತಾಗುತ್ತದೆಂದು ಪೆನ್ಸಿಲಿನಿಂದ ಗುರುತು ಮಾಡಿಡಿರಿ. ಸದ್ಯಕ್ಕೆ ಅಲ್ಲಿಗೆ ಮೇಣ ತಿಕ್ಕಿರಿ, ತೋಪಡ ಹೊಡೆಸಬೇಡಿರಿ. ಮಾಘದಲ್ಲಿ ಆ ಗುರುತಿನ ಸಂದನ್ನು ಅಳೆಯಿರಿ. ಬೇಸಗೆಯಲ್ಲೂ ಎರಡು ಮಿಲಿಮೀಟರಿಗಿಂತ ಕಡಮೆಯಿದ್ದರೆ ಮಾತ್ರ, ಆಗ, ಕೊರತೆಯಾದಷ್ಟನ್ನೇ ತೆಗೆಸಿರಿ. ಆಮೇಲೆ ಬಾಗಿಲನ್ನು ಕಳಚಿ, ಯಾರ ಕಣ್ಣಿಗೂ ಬೀಳದ ಮೇಲಂಚು ಕೆಳಅಂಚುಗಳಿಗೂ ಎಣ್ಣೆಯನ್ನೋ ಬಣ್ಣವನ್ನೋ ಹಚ್ಚಿಸಿರಿ. ನೀರು ಒಳಹೋಗುವ ದೊಡ್ಡ ದಾರಿ ಅದು.

ಆ ಕೆಲಸಕ್ಕೆ ಒಬ್ಬ ಹಿರಿಯ ಆಚಾರಿಯನ್ನು ಕರೆಯಿರಿ. ಕೇಳಿದಷ್ಟು ಕೂಲಿ ಕೊಡಿರಿ. ಮನೆಯಲ್ಲಿ ಓದುವ ಹುಡುಗನೋ ಹುಡುಗಿಯೋ ಇದ್ದರೆ ಆ ದಿನ ಹಲಗೆಯ ಇನ್ನೊಂದು ತುದಿಯನ್ನು ಹಿಡಿಯಲು ಹೇಳಿರಿ. ಅವರ ಕೈಯಲ್ಲಿ ಒಂದು ಪುಸ್ತಕವೂ ಪೆನ್ಸಿಲೂ ಇರಲಿ. ಪ್ರತಿಯೊಂದು ಆಯುಧದ ಹೆಸರನ್ನೂ ಕೇಳಿ, ಆತ ಉಚ್ಚರಿಸಿದಂತೆಯೇ ಬರೆದುಕೊಳ್ಳಲಿ.